ಭೀಮಣ್ಣನ ಪರ ವಕಾಲತ್ತು

ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಗೆ ಹಾಸುಗಲ್ಲು ಆರಿಸಲೆಂದು ಹೋದ ತಿಂಗಳು ತಾಂಡೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಒಂದು ಪಾಲಿಶ್ ಶೆಡ್ಡಿನ ಮುಂದೆ ಇಳಿದೆನೋ ಇಲ್ಲವೋ, ಆ ವಾಸನೆ ಮೂಗಿಗೆ ಬಡಿಯಿತು. ತಿರುಗುವ ಗರಗಸಕ್ಕೆ ನೀರು ಬಿಟ್ಟು ಕಲ್ಲು ಕೊಯ್ಯುವಾಗ ಏಳುವ, ಒದ್ದೆ ಸುಣ್ಣದಂಥ, ತುಸು ಬಿಸಿಯಾದ ವಾಸನೆ. ನೆಲದ ತುಂಬ ಬೂದು ಬಣ್ಣದ ಕಲ್ಲಿನ ರಾಡಿ. ಮಾಲೀಕ ನೀಲಿ ಕಲ್ಲು, ಹಳದಿ ಕಲ್ಲು ಎಂದು ಒಂದೊಂದೇ ಎತ್ತಿ ತೋರಿಸುತ್ತಿದ್ದ. ನಾನು ರಾಡಿಯನ್ನು ನೋಡಿಕೊಂಡು ನಗುತ್ತ ನಿಂತಿದ್ದೆ.

"ಏನ್ರಿ ಮೇಡಂ, ಕಲ್ಲು ನೋಡ್ರಿ ಅಂದ್ರ ಕೆಸರು ನೋಡಾಕತ್ತೀರಿ" ಎಂದ.

ಈ ಕೆಸರಿನ ದೆಸೆಯಿಂದಲೇ ನಾನು ವಕೀಲಿಕೆ ಬಿಟ್ಟು ಕೊಲೆಯ ಕತೆ ಬರೆಯುವವಳಾದೆ ಎಂದು ಹೇಳಿದ್ದರೆ ಅವನು ನನ್ನನ್ನು ಶೆಡ್ಡಿನೊಳಗೆ ಬಿಟ್ಟುಕೊಳ್ಳುತ್ತಿದ್ದನೋ ಇಲ್ಲವೋ. ಸುಮ್ಮನೆ ನೀಲಿ ಕಲ್ಲು ಒಪ್ಪಿಕೊಂಡೆ.

ಅದು ನನ್ನ ಸೀನಿಯರ್ ವೀರಭದ್ರಪ್ಪನವರ ಕಾಲು ಮುರಿದ ಮಳೆಗಾಲ. ತಾಂಡೂರಿನ ವಕೀಲರಲ್ಲಿ ಅವರದು ದೊಡ್ಡ ಹೆಸರು. ಮೂಲತಃ ಕೊಡಂಗಲ್ ಕಡೆಯವರು. ಊರಿನ ಕೋರ್ಟಿನಲ್ಲಿ ಹೊಲ, ಮನೆ, ಪಾಲು-ಪಟ್ಟಿಯ ದಾವೆಗಳನ್ನು ನಡೆಸುತ್ತಿದ್ದರು. ಕೊಲೆಯ ಆರೋಪ ಹೊತ್ತವರಿಗಾಗಿ ವಿಕಾರಾಬಾದಿನ ಸೆಷನ್ಸ್ ಕೋರ್ಟಿಗೂ ಹೋಗುತ್ತಿದ್ದರು. ಅವರು ಎದ್ದು ನಿಂತರೆಂದರೆ ಆರೋಪಿ ಊಟಕ್ಕೆ ಬಂದೇಬರುತ್ತಾನೆಂದು ಅವನ ಮನೆಯಲ್ಲಿ ಅಡುಗೆಗೆ ಒಲೆ ಹಚ್ಚುತ್ತಾರೆ ಎಂದು ಜನ ಹೇಳುತ್ತಿದ್ದರು. ನಾನು ನಾರಾಯಣಖೇಡದವಳು. ಬೀದರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಶಾಲೆ ಓದಿದ್ದರಿಂದ ಕನ್ನಡ ಅಕ್ಷರ ಒಲಿಯಿತು, ಹೈದರಾಬಾದಿನಲ್ಲಿ ಕಾನೂನು ಓದಿದ್ದರಿಂದ ಕಪ್ಪು ಕೋಟು ಬಂತು. ಆ ಕೋಟು ಹಾಕಿಕೊಂಡು ಮೊದಲ ದಿನ ತಾಂಡೂರಿನ ವಕೀಲರ ಕೋಣೆಗೆ ಹೋದರೆ ಕೂರಲು ಕುರ್ಚಿ ಇರಲಿಲ್ಲ. ಇದ್ದವರು ಯಾರೂ ಏಳಲಿಲ್ಲ. ವೀರಭದ್ರಪ್ಪನವರು ಎದ್ದು ತಮ್ಮ ಕುರ್ಚಿಯನ್ನೇ ನನ್ನತ್ತ ತಳ್ಳಿದರು. "ಕೂಡವ್ವ. ನಿಂದ್ರಾಕ ಜಡ್ಜ್ ಮುಂದ ಬೇಕಾದಷ್ಟು ಜಾಗ ಅದ" ಎಂದರು. ಅಂದಿನಿಂದ ನಾನು ಅವರ ಜೂನಿಯರ್.

ಕೆಲಸ ಕಲಿತೆ, ಹೆಸರೂ ಬಂತು. ಆದರೆ ನನಗೊಂದು ಕೆಟ್ಟ ಚಟ. ಯಾರಾದರೂ ಪಕ್ಕದ ಹೊಲದವರು ಬದು ಒತ್ತಿದ್ದಾರೆಂದು ದೂರು ತಂದರೆ, ದಾಖಲೆ ಕೇಳುವ ಮೊದಲು "ನಿಜವಾಗಿ ಒತ್ತಿದವ್ರು ಯಾರ್ರಿ?" ಎಂದು ಕೇಳಿಬಿಡುತ್ತಿದ್ದೆ. ಆಗ ಸೀನಿಯರ್ ಮೇಜಿನ ಕೆಳಗೆ ನನ್ನ ಕಾಲಿಗೆ ಒದೆಯುತ್ತಿದ್ದರು. ಕಕ್ಷಿದಾರ ಹೋದ ಮೇಲೆ, "ಅದು ನಮಗ್ಯಾಕ? ಎದುರಿನವ್ರು ರುಜುವಾತು ಮಾಡ್ತಾರೋ ಇಲ್ಲೋ ಅಷ್ಟ ನೋಡು" ಎಂದು ಗದರುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ತಲೆಯೊಳಗೆ ಮಾತ್ರ ಯಾರು, ಯಾಕೆ, ಹೇಗೆ ಎಂಬ ಹುಳ ಕೊರೆಯುತ್ತಲೇ ಇರುತ್ತಿತ್ತು. ಕೊನೆಗೆ ಆ ಹುಳಕ್ಕೆ ತಿನ್ನಲು ಏನಾದರೂ ಹಾಕಬೇಕೆಂದು ಒಂದು ಪತ್ತೇದಾರಿ ಕಾದಂಬರಿ ಬರೆಯಲು ಕೂತೆ.

ಆಷಾಢದ ಒಂದು ಬೆಳಿಗ್ಗೆ, ಸಣ್ಣ ಮಳೆಯಲ್ಲಿ, ಸೀನಿಯರ್ ತಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದ ತಾಂಡೂರಿನ ಕಲ್ಲು. ಅದನ್ನು ಅಷ್ಟು ನುಣ್ಣಗೆ ಮಾಡಿಸಬೇಡಿ ಎಂದು ಅವರ ಹೆಂಡತಿ ಮಹಾದೇವಮ್ಮನವರು ಬಡಿದುಕೊಂಡಿದ್ದರಂತೆ. ಬಲಗಾಲಿಗೆ ಮೊಣಕಾಲವರೆಗೆ ಪ್ಲಾಸ್ಟರ್. ಹುಲಿಯಂತೆ ತಿರುಗುತ್ತಿದ್ದ ಮನುಷ್ಯ ಪಡಸಾಲೆಯ ಮಂಚದ ಪಾಲಾದರು, ಮತ್ತು ಮನೆಯವರೆಲ್ಲರ ಪಾಡು ನಾಯಿಪಾಡಾಯಿತು. ಉಪ್ಪಿಟ್ಟಿಗೆ ಆಕ್ಷೇಪಣೆ, ಚಹಕ್ಕೆ ಆಕ್ಷೇಪಣೆ, ಎದುರು ಮನೆಯ ಟಿವಿಗೆ ಆಕ್ಷೇಪಣೆ.

ಅವರ ಕೇಸುಗಳೆಲ್ಲ ನನ್ನ ತಲೆಗೆ ಬಂದವು. ಇವತ್ತು ತಾಂಡೂರು, ನಾಳೆ ಜಹೀರಾಬಾದ್, ನಾಡಿದ್ದು ನಾರಾಯಣಖೇಡ. ಆ ವರ್ಷ ಮಳೆ ಚೆನ್ನಾಗಿತ್ತು. ಬಸ್ಸಿನ ಎರಡೂ ಕಡೆ ತೊಗರಿ ಮೊಣಕಾಲೆತ್ತರ ಬೆಳೆದಿತ್ತು, ಜಹೀರಾಬಾದ್ ಹತ್ತಿರವಾದಂತೆ ಕಬ್ಬು, ಶುಂಠಿ. ಕಿಟಕಿಯ ಗಾಜು ಏರಿಸಿದರೆ ಇಳಿಯದು, ಇಳಿಸಿದರೆ ಏರದು. ತೋಯುತ್ತಲೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೆ. ಕೊಹೀರಿನಲ್ಲಿ ಬಸ್ಸು ನಿಂತಾಗ ಸೀಬೆಹಣ್ಣು ಕೊಂಡು ಸೀನಿಯರ್ ಮನೆಗೆ ಒಯ್ಯುತ್ತಿದ್ದೆ. ಬರೆದ ಅಧ್ಯಾಯವನ್ನು ಅದೇ ಚೀಲದಲ್ಲಿ ಹಣ್ಣಿನ ಕೆಳಗಿಟ್ಟು ಮಹಾದೇವಮ್ಮನವರಿಗೆ ಕೊಡುತ್ತಿದ್ದೆ. ನನ್ನ ಮೊದಲ ಓದುಗರು ಅವರೇ. ಮೊದಲ ಅಧ್ಯಾಯ ಓದಿದವರೇ ಹಾಳೆ ವಾಪಸು ಕೈಗಿಟ್ಟಿದ್ದರು.

"ಮೊದಲನೇ ಸಾಲಿಗೇ ಕೊಂದವ ಭೀಮಣ್ಣ ಅಂತ ಹೇಳಿಬಿಟ್ಟೀಯಲ್ಲವ್ವ. ಮುಂದ ನಾ ಯಾಕ ಓದ್ಲಿ?"

ನೋಡಿದರೆ ಹೌದು! ದಾವೆ ಬರೆದೂ ಬರೆದೂ ಕೈ ಕೆಟ್ಟುಹೋಗಿತ್ತು. ದಾವೆಯಲ್ಲಿ ಯಾರ ಮೇಲೆ ಆರೋಪ, ಏನು ಆರೋಪ ಎಂಬುದನ್ನು ಮೊದಲೇ ಹೇಳಬೇಕು. ನನ್ನ ಕಾದಂಬರಿಯೂ 'ಸದರಿ ಭೀಮಣ್ಣನು' ಎಂದೇ ಶುರುವಾಗಿತ್ತು. ನಾಚಿಕೆಯಾಗಿ ಆ ಪುಟ ಹರಿದು ಹಾಕಿ ಹೊಸದಾಗಿ ಬರೆದೆ.

ಇತ್ತ ಸೀನಿಯರ್ ಒಂದು ನಿರ್ಧಾರಕ್ಕೆ ಬಂದಿದ್ದರು. ಅವರ ಮಕ್ಕಳಿಬ್ಬರೂ ಡಾಕ್ಟರಿಕೆ ಹಿಡಿದವರು. ದಸರೆಗೆ ಆಫೀಸನ್ನು ನನಗೆ ಒಪ್ಪಿಸಿ, ತಾವು ಹಿಂದೆ ಕೂತು ಸಲಹೆ ಕೊಡುವುದೆಂದು ಊರಿಗೆಲ್ಲ ಹೇಳಿಬಿಟ್ಟರು. ಗಿರಿಜಾ ಅಡ್ವೋಕೇಟ್ ಎಂದು ಹೊಸ ಬೋರ್ಡು ಬರೆಸಲು ಪೇಂಟರನಿಗೂ ಹೇಳಿಯಾಗಿತ್ತು. ನಾರಾಯಣಖೇಡದಿಂದ ಅವ್ವ ಫೋನು ಮಾಡಿ ಸಂತೋಷಪಟ್ಟಳು. ನನಗೆ ಮಾತ್ರ ಅನ್ನ ಇಳಿಯಲಿಲ್ಲ. ಬೋರ್ಡು ಏರಿದರೆ ಮುಗಿಯಿತು, ಮತ್ತೆ ಕತೆಯ ಮಾತಿಲ್ಲ. ಬೇಡವೆಂದರೆ, ಕುರ್ಚಿ ಕೊಟ್ಟ ಮನುಷ್ಯನ ಎದೆಗೆ ಒದ್ದ ಹಾಗೆ. ಅವರು ಮನಸ್ಸಿನಿಂದ ಹೋಗು ಎನ್ನದೆ ನಾನು ಹೋಗಲಾರೆ. ಅವರು ಹಾಗೆ ಅನ್ನುವ ಪೈಕಿಯಲ್ಲ.

ಗುಟ್ಟು ಬಯಲಾದದ್ದು ಬೇಳೆಯಿಂದ. ಮಹಾದೇವಮ್ಮನವರು ಅಡುಗೆಮನೆಯಲ್ಲಿ ನನ್ನ ಕೊನೆಯ ಅಧ್ಯಾಯ ಓದುತ್ತ ಮೈಮರೆತು ಬೇಳೆ ಹೊತ್ತಿಸಿದರು. ಪಡಸಾಲೆಯಿಂದ ಗರ್ಜನೆ ಬಂತು. ಏನು ಓದುತ್ತಿದ್ದೆ, ಯಾರು ಬರೆದದ್ದು ಎಂದು ಪಾಟೀಸವಾಲು ನಡೆದು ಎಲ್ಲ ಹೊರಬಿತ್ತು. ಸಂಜೆ ನಾನು ಹೋದಾಗ ಹಾಳೆಗಳ ಕಟ್ಟು ಅವರ ಹೊಟ್ಟೆಯ ಮೇಲಿತ್ತು. ಪೂರ್ತಿ ಓದಿದ್ದರು.

"ಇದನ್ನ ಬರೀಲಿ ಅಂತ ನಿನಗ ಕುರ್ಚಿ ಕೊಟ್ಟೆನೇನು?" ಎಂದರು. ದನಿ ಏರಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸರ್, ನನಗ ಇದ ಬೇಕಾಗ್ಯದರಿ" ಎಂದೆ. "ಕೋರ್ಟಿನಾಗ ಮನಸು ನಿಂದ್ರವಲ್ದು."

ಅವರು ಹಾಳೆಗಳ ಕಟ್ಟನ್ನು ಮತ್ತೆ ಬಿಚ್ಚಿದರು. ಆಮೇಲೆ ಅವರೊಳಗಿನ ವಕೀಲ ಎದ್ದು ಕೂತ. ಮಲಗಿ ಮಲಗಿ ಬೇಸತ್ತ ಜೀವಕ್ಕೆ ಅದೂ ಒಂದು ಆಟವಾಗಿ ಕಂಡಿರಬೇಕು.

"ಈ ಭೀಮಣ್ಣನೇ ಕೊಂದಾನ ಅಂತೀ. ಹೌದಲ್ಲ? ರುಜುವಾತು ಮಾಡು. ನಾ ಅವನ ಪರ ವಕೀಲ. ಅವನಿಗಿ ಶಿಕ್ಷಾ ಆತು ಅಂದ್ರ ನೀ ನಿನ್ನ ದಾರಿ ಹಿಡಿ, ನಾ ಒಂದ ಮಾತೂ ಆಡಂಗಿಲ್ಲ. ಅವ ಬಿಟ್ಟುಬಂದ ಅಂದ್ರ ಈ ಹುಚ್ಚು ಬಿಟ್ಟು ಬೋರ್ಡ್ ಏರಸಬೇಕು. ಕಬೂಲ್?"

ಬೇರೆ ದಾರಿ ಇರಲಿಲ್ಲ. ಕಬೂಲ್ ಎಂದೆ.

ಹೀಗೆ ಶ್ರಾವಣದ ಭಾನುವಾರಗಳಂದು ಅವರ ಪಡಸಾಲೆಯಲ್ಲಿ, ನಾನೇ ಹುಟ್ಟಿಸಿದ ಕೊಲೆಗಾರನ ವಿಚಾರಣೆ ನಡೆಯಿತು. ಜಡ್ಜ್ ಯಾರಾಗಬೇಕೆಂದು ವಾದವಾದಾಗ ಮಹಾದೇವಮ್ಮನವರು ಸೋಸುವ ಸೊಪ್ಪಿನ ತಟ್ಟೆ ಹಿಡಿದು ಬಂದು ದೊಡ್ಡ ಕುರ್ಚಿಯಲ್ಲಿ ಕೂತರು. "ಇಷ್ಟು ವರ್ಷ ಇವ್ರ ವಾದ ಕೇಳೀನಿ. ನನಗಿಂತ ಅನುಭವಸ್ಥ ಜಡ್ಜ್ ಸಿಗ್ತಾನೇನು?" ಎಂದರು. ಆಫೀಸಿನ ಗುಮಾಸ್ತ ಖಾಜಾ ಭಾಯಿ ಆರೋಪಿ ಭೀಮಣ್ಣ. ಮೊದಲ ದಿನವೇ ಕೈಮುಗಿದು, "ನಾ ಬೇಕಸೂರ್ ಅದೀನ್ರಿ ಸಾಹೇಬ್ರೆ, ಏನೂ ತಪ್ಪು ಮಾಡಿಲ್ರಿ. ಮನ್ಯಾಗ ಜಿರಳೀನೂ ನಾ ಹೊಡಿಯಂಗಿಲ್ಲ, ನಮ್ಮ ಬೀವಿ ಹೊಡೀತಾಳ" ಎಂದು ಅತ್ತೇಬಿಟ್ಟರು. ಸರ್ಕಾರದ ಪರ ನಾನು. ಇನ್ಸ್‌ಪೆಕ್ಟರು, ಪಂಚರು, ನೆರೆಯವರು, ಎಲ್ಲ ಸಾಕ್ಷಿಗಳೂ ನಾನೇ, ಯಾಕೆಂದರೆ ಅವರ ಮಾತೆಲ್ಲ ನಾನು ಬರೆದದ್ದು. ಒಂದು ಭಾನುವಾರ ಅವ್ವ ಫೋನು ಮಾಡಿದಾಗ ಸಾಕ್ಷಿ ಹೇಳುತ್ತಿದ್ದೇನೆ ಎಂದೆ. "ಯಾರ ಗೋಜಿಗೂ ಹೋಗಬ್ಯಾಡ ಮಗಳೇ, ಏನೂ ನೋಡಿಲ್ಲ ಅಂತ ಹೇಳಿ ಬಂದುಬಿಡು" ಎಂದು ಗಾಬರಿಯಾದಳು.

ಕಾದಂಬರಿಯ ಕತೆ ಸರಳವಾಗಿತ್ತು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಮಾಲೀಕ ಬಸವಂತ ಸಾವುಕಾರ. ಅವನ ಮನೆಯಲ್ಲಿ ಒಬ್ಬ ತಮ್ಮ, ಒಬ್ಬ ಅಳಿಯ. ಶೆಡ್ಡಿನ ಲೆಕ್ಕ ಬರೆಯುವ ನಂಬಿಕೆಯ ಮುನೀಮ ಭೀಮಣ್ಣ, ಹಣೆತುಂಬ ವಿಭೂತಿ ಧರಿಸುವ ಭಕ್ತ. ಅಮಾವಾಸ್ಯೆಯ ಕತ್ತಲಲ್ಲಿ ಸಾವುಕಾರ ತನ್ನ ಶೆಡ್ಡಿನಲ್ಲೇ ಕೊಲೆಯಾಗುತ್ತಾನೆ. ಗರಗಸದ ಪಕ್ಕ ಒದ್ದೆ ರಾಡಿಯಲ್ಲಿ ಭೀಮಣ್ಣನ ಚಪ್ಪಲಿಯ ಗುರುತು ಸ್ಪಷ್ಟವಾಗಿ ಮೂಡಿರುತ್ತದೆ. ಇನ್ಸ್‌ಪೆಕ್ಟರು ಅದನ್ನು ಹಿಡಿದು ಕೇಳಿದಾಗ ಭೀಮಣ್ಣ ತಪ್ಪೊಪ್ಪಿಕೊಳ್ಳುತ್ತಾನೆ. ಅಲ್ಲಿಗೆ ಮುಕ್ತಾಯ.

ತಪ್ಪೊಪ್ಪಿಗೆಯನ್ನು ಸೀನಿಯರ್ ಮೊದಲ ಭಾನುವಾರವೇ ಹೊಡೆದು ಹಾಕಿದರು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷಿಯಾಗದು ಎಂಬುದು ಕಾನೂನು ಓದುವ ಎಳೆಯರಿಗೂ ಗೊತ್ತು. ಬರೆಯುವ ಭರದಲ್ಲಿ ವಕೀಲಳಾದ ನನಗೇ ನೆನಪಾಗಿರಲಿಲ್ಲ. ಖಾಜಾ ಭಾಯಿ ಸಂತೋಷದಿಂದ ಎಲ್ಲರಿಗೂ ಶುಂಠಿ ಚಹ ತಂದುಕೊಟ್ಟರು. ನಾನು ಎದೆಗುಂದಲಿಲ್ಲ. ಉದ್ದೇಶ ಇತ್ತು, ಅವಕಾಶ ಇತ್ತು, ಚಪ್ಪಲಿಯ ಗುರುತು ಬಂಡೆಯಂತೆ ನಿಂತಿತ್ತು. ಮುಂದಿನ ವಾರಗಳಲ್ಲಿ ಒಂದೊಂದಾಗಿ ಕೊಂಡಿ ಜೋಡಿಸುತ್ತ ಬಂದೆ. ಜಡ್ಜ್ ಸಾಹೇಬರು ಸೊಪ್ಪು ಸೋಸುತ್ತ ತಲೆದೂಗುತ್ತಿದ್ದರು. ಸೀನಿಯರ್ ಹೆಚ್ಚು ಮಾತಾಡಲಿಲ್ಲ. ಗೆದ್ದೇಬಿಟ್ಟೆ ಎಂದುಕೊಂಡೆ. ಬಸ್ಸಿನಲ್ಲಿ ಎರಡನೇ ಕಾದಂಬರಿಗೆ ಹೆಸರು ಯೋಚಿಸುವಷ್ಟು ಧೈರ್ಯ ಬಂದಿತ್ತು.

ಕೊನೆಯ ಭಾನುವಾರ ಹೊರಗೆ ಜಡಿಮಳೆ. ಸೀನಿಯರ್ ಬಿಳಿ ಅಂಗಿಯ ಮೇಲೆ ಕಪ್ಪು ಕೋಟು ಹಾಕಿಸಿಕೊಂಡು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಕೆಳಗೆ ಲುಂಗಿ. ನಾನು ಇನ್ಸ್‌ಪೆಕ್ಟರಾಗಿ ನಿಂತೆ.

"ಇನ್ಸ್‌ಪೆಕ್ಟರ್ ಸಾಹೇಬ್ರ, ತಾವು ತಾಂಡೂರಿನಾಗ ಇದ್ದು ಎಷ್ಟು ದಿನ ಆತ್ರಿ?"

"ಬಾಳ ದಿನ ಆತ್ರಿ."

"ಕೊಲೆ ಆದದ್ದು ಅಮಾಸಿ ದಿನ. ಹೌದ್ರಿ?"

"ಹೌದ್ರಿ."

"ಅಮಾಸಿ ದಿನ ನಮ್ಮ ಊರಾಗ ಯಾವ ಕಲ್ಲಿನ ಮಿಷಿನ್ ನಡೀತದರಿ?"

ಆಗ ನನಗೆ ಹೊಳೆಯಿತು. ತಾಂಡೂರಿನ ಕಲ್ಲಿನ ಕೆಲಸದವರು ಅಮಾವಾಸ್ಯೆಗೆ ಗರಗಸ ಮುಟ್ಟುವುದಿಲ್ಲ. ಹಿಂದಿನ ದಿನವೇ ಮಿಷಿನ್ ನಿಲ್ಲಿಸಿ ತೊಳೆದಿರುತ್ತಾರೆ. ಅಮಾವಾಸ್ಯೆಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಮನೆಗೆ ಹೋಗಿ ಮಲಗುತ್ತಾರೆ. ಇಷ್ಟು ವರ್ಷ ಆ ಊರಿನಲ್ಲಿ ಬದುಕಿದ್ದ ನನಗೆ ತಿಂಗಳಿಗೊಮ್ಮೆ ಊರು ಸದ್ದಿಲ್ಲದೆ ಇರುವುದು ಗೊತ್ತಿತ್ತು. ಅವತ್ತು ಮಧ್ಯಾಹ್ನ ಒಳ್ಳೆಯ ನಿದ್ದೆ ಬರುತ್ತಿತ್ತು, ಅಷ್ಟೆ. ಯಾಕೆಂದು ಕೇಳಿರಲಿಲ್ಲ. ಕತ್ತಲು ಚೆನ್ನಾಗಿರಲಿ ಎಂದು ಅಮಾವಾಸ್ಯೆ ಬರೆದಿದ್ದೆ, ಗುರುತು ಮೂಡಲಿ ಎಂದು ಒದ್ದೆ ರಾಡಿ ಬರೆದಿದ್ದೆ, ಭೀಮಣ್ಣ ಭಕ್ತನೆಂದು ತೋರಲಿ ಎಂದು ಬೆಳಿಗ್ಗೆ ಒಂದು ಪೂಜೆ ಬರೆದಿದ್ದೆ.

"ಮಿಷಿನ್ ನಿಂತದ. ಶೆಡ್ಡಿನ ಮ್ಯಾಲ ತಗಡು ಅದ, ಮಳಿ ಒಳಗ ಬರಂಗಿಲ್ಲ. ರಾಡಿ ಒಣಗಿ ಗಟ್ಟಿ ಆಗಿರಬೇಕು. ಹಸೀ ಹ್ಯಾಂಗ ಇತ್ತು?"

ನಾನು ಹಾಳೆ ತಿರುವಿ ಆ ಸಾಲು ಹುಡುಕತೊಡಗಿದೆ.

"ಎರಡನೇ ಅಧ್ಯಾಯದಾಗ ನೀವ ಹೇಳೀರಿ, ಅಮಾಸಿ ಮುಂಜಾನಿ ಆ ಮಿಷಿನ್ ಪೂಜಾ ಮಾಡಿದವ ಇದ ಭೀಮಣ್ಣ. ಪೂಜಾ ಆದ ಮಿಷಿನ್ ಹತ್ರ ಅಂವ ಚಪ್ಪಲಿ ಹಾಕ್ಕೊಂಡು ಹೋಗ್ತಾನೇನ್ರಿ? ಕೊಲೆ ಮಾಡಾಕ ಹೋದ್ರೂ ಹೊರಗ ಬಿಟ್ಟು ಹೋಗ್ತಾನ!"

ಖಾಜಾ ಭಾಯಿ ಎದ್ದು ನಿಂತು, "ಬಿಲ್ಕುಲ್! ನಾ ಹೊರಗ ಬಿಡ್ತೀನ್ರಿ" ಎಂದು ಕೂಗಿದರು.

ಸೀನಿಯರ್ ಜಡ್ಜಿನತ್ತ ತಿರುಗಿದರು. ಆ ದನಿ ಕೇಳಿ ಎಷ್ಟೋ ದಿನವಾಗಿತ್ತು. "ಯಾರೋ ಒಬ್ಬರು ಮನಿ ಹೊರಗ ಬಿಟ್ಟಿದ್ದ ಭೀಮಣ್ಣನ ಚಪ್ಪಲಿ ತಗೊಂಡಾರ, ಒಣಗಿದ ರಾಡಿಗಿ ನೀರು ಹಾಕ್ಯಾರ, ಗುರುತು ಒತ್ತ್ಯಾರ. ನನ್ನ ಕಕ್ಷಿದಾರ ನಿರಪರಾಧಿ ಅದಾನ್ರಿ, ಸ್ವಾಮಿ."

ಮಹಾದೇವಮ್ಮನವರು ತಟ್ಟೆ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು, ನ್ಯಾಯ ಮಾತ್ರ ಬಿಡಲಿಲ್ಲ. "ಭೀಮಣ್ಣ ಬಿಡುಗಡಿ" ಎಂದರು. ಖಾಜಾ ಭಾಯಿ ಜಡ್ಜಿಗೂ ವಕೀಲರಿಗೂ ಸಲಾಮು ಹೊಡೆದು, ನನ್ನ ಮುಖ ಕಂಡು ನಗು ನುಂಗಿಕೊಂಡರು.

ಸೋತೆ. ನನ್ನದೇ ಕತೆಯಲ್ಲಿ, ನನ್ನದೇ ಕೊಲೆಗಾರನ ವಿರುದ್ಧ ಸೋತೆ. ಕೊಟ್ಟ ಮಾತು ಮುರಿಯುವುದು ನನ್ನಿಂದಾಗದು. ದಸರೆಗೂ ಕಾಯದೆ ಬೋರ್ಡು ಬಂತು, ಮೊಳೆ ಹೊಡೆಸಿದೆ. ಹಾಳೆಗಳ ಕಟ್ಟನ್ನು ಮಹಾದೇವಮ್ಮನವರ ಬಳಿಯೇ ಬಿಟ್ಟೆ. ಕರಣಕೋಟದ ಕಡೆಯ ಸಣ್ಣ ಪಾಲಿಶ್ ಶೆಡ್ಡಿನವನೊಬ್ಬ ಬದುವಿನ ತಕರಾರು ತಂದರೆ, ಯಾರು ಒತ್ತಿದ್ದು ಎಂದು ಕೇಳದೆ ನೇರ ದಾಖಲೆ ಕೇಳಿದೆ. ಮೇಜಿನ ಕೆಳಗೆ ಒದೆಯುವ ಕಾಲು ಇಲ್ಲದಿದ್ದರೂ ಬಾಯಿ ತಾನೇ ಮುಚ್ಚಿಕೊಂಡಿತ್ತು. ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಕೊಟ್ಟು ಮನಸಾರೆ ಅತ್ತೆ. ಪಕ್ಕದ ಹೆಂಗಸು ಸೆರಗಿನಿಂದ ನನ್ನ ಕೆನ್ನೆ ಒರೆಸಿ, ಮಳೆ ಒಳಗೆ ಹೊಡೆಯುತ್ತಿದೆ ಎಂದು ಕಂಡಕ್ಟರನನ್ನು ಬೈದಳು.

ಅದಾಗಿ ಕೆಲವು ದಿನಕ್ಕೆ, ಬೆಳಿಗ್ಗೆ ನಾರಾಯಣಖೇಡದ ಬಸ್ಸಿಗೆ ಹೊರಟಿದ್ದಾಗ ಸೀನಿಯರ್ ಫೋನು. ತಕ್ಷಣ ಮನೆಗೆ ಬಾ ಎಂದರು. ಓಡಿಕೊಂಡು ಹೋದರೆ ಮಂಚದ ಮೇಲೆ ಕೂತಿದ್ದಾರೆ, ಗಡ್ಡ ಬೆಳೆದಿದೆ, ಕಣ್ಣು ಕೆಂಪಾಗಿವೆ. ಸುತ್ತ ನನ್ನ ಕಾದಂಬರಿಯ ಹಾಳೆಗಳು ಹರಡಿವೆ.

"ಆ ರಾಡಿಗಿ ನೀರು ಹಾಕಿದವ್ರು ಯಾರು?" ಎಂದರು.

"ಯಾವ ರಾಡಿರಿ ಸರ್?"

"ಸಾವುಕಾರನ ಶೆಡ್ಡಿಂದು! ಭೀಮಣ್ಣ ಹಾಕಿಲ್ಲ ಅಂತ ನಾನ ಸಾಬೀತು ಮಾಡೀನಿ. ಮತ್ತ ಹಾಕಿದವ್ರು ಯಾರು?"

"ಗೊತ್ತಿಲ್ರಿ. ನಾ ಭೀಮಣ್ಣಂತ ತಿಳ್ಕೊಂಡಿದ್ದೆ. ನೀವ ಬಿಡಿಸಿದ್ರಿ. ಕೇಸ್ ಮುಗೀತಲ್ರಿ."

"ಅಂವ ಬಿಡುಗಡಿ ಆದ. ನಾ ಆಗಿಲ್ಲಲ್ಲ" ಎಂದು ಹಾಳೆಗಳ ಮೇಲೆ ಕೈ ಬಡಿದರು. "ಮೂರು ಸಲ ಓದಿದೆ. ಅನ್ನ ರುಚಿ ಹತ್ತವಲ್ದು. ಅಳಿಯ ಇರಬೇಕು ಅನಸ್ತದ, ಆದ್ರ ಅಂವ ಹೈದರಾಬಾದಿಗಿ ಹೋಗ್ಯಾನ ಅಂತ ಬರದೀ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರು ಒಮ್ಮೆಲೇ ಮೆತ್ತಗಾದರು. ಪಕ್ಕದ ಹಾಳೆ ಸರಿಸಿ, ಕೂಡು ಎಂದು ಜಾಗ ತೋರಿಸಿದರು.

"ಎಷ್ಟು ಮಂದೀನ ಬಿಡಿಸಿಕೊಂಡು ಬಂದೀನಿ ಗಿರಿಜಾ. ಜಡ್ಜ್ ಬಿಡುಗಡಿ ಅಂದ ಕೂಡ್ಲೆ ಫೈಲ್ ಕಟ್ಟಿ ಇಡ್ತಿದ್ದೆ. ಇಂವ ಅಲ್ಲ ಅಂದ್ರ ಮತ್ತ ಯಾರು ಅಂತ ಒಮ್ಮೆನೂ ಕೇಳಿಲ್ಲವ್ವ. ಕೇಳಿದ್ರ ನನ್ನ ಕೆಲಸ ನಡೀತಿದ್ದಿಲ್ಲ. ನಿನಗ ಮೊದಲ ದಿನದಿಂದ ಅದ ಚಿಂತಿ. ನಾ ಒದ್ದು ಒದ್ದು ಸುಮ್ಮನ ಕೂಡಿಸಿದೆ." ನನ್ನ ಮೈಮೇಲಿನ ಕೋಟಿನತ್ತ ಕೈ ತೋರಿಸಿದರು. "ಆ ಕೋಟು ತಗಿ. ನಾರಾಯಣಖೇಡಕ್ಕ ಬ್ಯಾರೆ ಯಾರಿಗರೆ ಕಳಸ್ತೀನಿ. ನೀ ಕೂತು ಬರಿ."

"ಮತ್ತ ಆಫೀಸು, ಸರ್?"

"ಕುರ್ಚಿ ಅದ. ನಿನ್ನಂಗ ಜಾಗ ಇಲ್ಲದ ನಿಂತವ್ರು ಇನ್ನೊಬ್ಬರು ಬರ್ತಾರ, ಬಿಡು."

ಅವರ ಪ್ಲಾಸ್ಟರಿನ ಕಾಲಿಗೇ ನಮಸ್ಕಾರ ಮಾಡಿದೆ. ಕಣ್ಣೀರು ಸುರಿಯುತ್ತಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಅವರಿಗೆ ಅದ್ಯಾವುದೂ ಬೇಕಿರಲಿಲ್ಲ.

"ಅದೆಲ್ಲ ಇರ್ಲಿ. ಯಾರು ಹೇಳು? ಅಳಿಯನೋ, ತಮ್ಮನೋ?"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಮಹಾದೇವಮ್ಮನವರು ಬಂದು ನಿಂತರು. "ನನಗ ಆವತ್ತೇ ಗೊತ್ತಾತು ಯಾರಂತ" ಎಂದರು ತಣ್ಣಗೆ.

ನಾವಿಬ್ಬರೂ ಒಟ್ಟಿಗೆ ತಿರುಗಿದೆವು. "ಗೊತ್ತಿದ್ದು ಸುಮ್ಮನ ಕೂತಿದ್ದೇನು!" ಎಂದು ಸೀನಿಯರ್ ಮಂಚದ ಮೇಲೆಯೇ ಎಗರಿದರು.

"ನನ್ನ ಮುಂದ ಇದ್ದದ್ದು ಭೀಮಣ್ಣನ ಕೇಸ್. ಅಷ್ಟಕ್ಕ ತೀರ್ಪು ಕೊಟ್ಟೆ."

"ಈಗರೆ ಹೇಳ! ಯಾರು?"

ಮಹಾದೇವಮ್ಮನವರು ಮಂಚದ ಹತ್ತಿರ ಬಂದು, ಹರಡಿದ ಹಾಳೆಗಳನ್ನೆಲ್ಲ ಒಂದೊಂದಾಗಿ ಕೂಡಿಸಿ, ಮಟ್ಟ ಮಾಡಿ, ನನ್ನ ಕೈಯಲ್ಲಿಟ್ಟರು.

"ನಾ ಯಾಕ ಹೇಳ್ಲಿ? ಆಕಿ ಬರೀಲಿ" ಎಂದರು.